ಹೊಸ ಟೈರ್ ಆರಿಸುವ ಮುನ್ನ ಹಳೆಯ ಟೈರನ್ನು ನೋಡಬೇಕು: ಎಟಿವಿ ವರ್ಕ್‌ಶಾಪಿನಲ್ಲಿ ಕಲಿತದ್ದು

ಸವಾರರನ್ನು ಕಾಡುದಾರಿಗಳಲ್ಲಿ ಕರೆದೊಯ್ಯುವ ಸಂಸ್ಥೆಯೊಂದರಲ್ಲಿ ಎಟಿವಿಗಳ, ಅಂದರೆ ದಪ್ಪ ಟೈರ್‌ಗಳ ಮೇಲೆ ಕಾಡುಮೇಡಿನಲ್ಲೂ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿಗಳ, ನಿರ್ವಹಣೆ ನನ್ನ ಜವಾಬ್ದಾರಿ. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಒಂದು ಗಾಡಿಯ ಟೈರ್ ಬದಲಿಸುವ ನಿರ್ಧಾರವನ್ನು ನನಗೆ ಬಿಟ್ಟುಕೊಟ್ಟಿದ್ದರು. ಹಿಂದಿನ ಎರಡು ಟೈರ್‌ಗಳು ಸವೆದು ನುಣ್ಣಗಾಗಿದ್ದವು. ಮುಂದಿನವು ಇನ್ನೂ ಕೆಲವು ತಿಂಗಳು ಬಾಳುವಂತೆ ಕಂಡವು. ಆ ಗಾಡಿಗೆ ಮೊದಲಿನಿಂದಲೂ ಇದ್ದದ್ದು 25 ಇಂಚಿನ ಟೈರ್‌ಗಳು. ನಾನು ಆಳವಾದ ಬಟನ್‌ಗಳಿರುವ (ನೆಲವನ್ನು ಹಿಡಿಯಲು ಟೈರಿನ ಮೇಲೆ ಎದ್ದಿರುವ ರಬ್ಬರ್ ಗಟ್ಟಿಗಳು) 27 ಇಂಚಿನ ಕೆಸರು ಟೈರ್‌ಗಳನ್ನು ತರಿಸಿ, ಹಿಂದಿನ ಚಕ್ರಗಳಿಗೆ ಮಾತ್ರ ಹಾಕಿದೆ. ಟೈರ್ ದೊಡ್ಡದಾದಷ್ಟೂ ಹಿಡಿತ ಹೆಚ್ಚುತ್ತದೆ, ಗಾಡಿಯ ತಳ ಕಲ್ಲಿಗೆ ತಾಗುವುದು ತಪ್ಪುತ್ತದೆ ಎಂಬುದು ಆಗ ನನ್ನ ಲೆಕ್ಕವಾಗಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಆ ಗಾಡಿಯ ಬಗ್ಗೆ ದೂರುಗಳು ಬರತೊಡಗಿದವು. ಏರು ಹತ್ತುವಾಗ ಎಂಜಿನ್ನಿನ ಶಕ್ತಿಯನ್ನು ಚಕ್ರಗಳತ್ತ ಸಾಗಿಸುವ ರಬ್ಬರ್ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ ಎಂದು ಒಬ್ಬ ಮಾರ್ಗದರ್ಶಕರು ಬರೆದಿದ್ದರು. ನಾಲ್ಕು ಚಕ್ರಗಳ ಚಾಲನೆಗೆ ಹಾಕಿದ ಕೂಡಲೇ ಹ್ಯಾಂಡಲ್ ಬಿಗಿಯಾಗುತ್ತದೆ, ಗಟ್ಟಿ ನೆಲದಲ್ಲಿ ತಿರುವು ತೆಗೆದುಕೊಳ್ಳುವಾಗ ಗಾಡಿ ಹಟ ಹಿಡಿದಂತೆ ನೇರಕ್ಕೇ ನುಗ್ಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಮುಂದಿನ ಟೈರ್‌ಗಳನ್ನು ನೋಡಿದರೆ, ಇನ್ನೂ ಕೆಲವು ತಿಂಗಳು ಬರುತ್ತವೆ ಎಂದು ನಾನು ನಂಬಿದ್ದ ಅವೇ ಟೈರ್‌ಗಳ ಬಟನ್‌ಗಳು ಉಜ್ಜಿ ಉಜ್ಜಿ ಅರ್ಧಕ್ಕೆ ಇಳಿದಿದ್ದವು.

ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಬೈಯಲಿಲ್ಲ. ಮುಂದಿನ ಮತ್ತು ಹಿಂದಿನ ಟೈರ್‌ಗಳು ನೆಲಕ್ಕೆ ತಾಗುವ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಚಕ್ರ ಒಂದು ಪೂರ್ತಿ ಸುತ್ತು ಬರುವವರೆಗೆ ಗಾಡಿಯನ್ನು ತಳ್ಳಿಸಿ, ಪ್ರತಿಯೊಂದು ಟೈರ್ ಎಷ್ಟು ದೂರ ಹೋಯಿತೆಂದು ಟೇಪಿನಲ್ಲಿ ಅಳೆಯಲು ಹೇಳಿದರು. ಹಿಂದಿನ ಟೈರ್ ಒಂದೇ ಸುತ್ತಿನಲ್ಲಿ ಮುಂದಿನದಕ್ಕಿಂತ ಸುಮಾರು 6 ಇಂಚು ಹೆಚ್ಚು ದೂರ ಹೋಗಿತ್ತು. ನಾಲ್ಕು ಚಕ್ರಗಳ ಚಾಲನೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಗೇರುಗಳ ಮೂಲಕ ನಿಗದಿತ ಅನುಪಾತದಲ್ಲಿ ಒಟ್ಟಿಗೆ ತಿರುಗುತ್ತವೆ. ಆದ್ದರಿಂದ ಸುತ್ತಿಗೆ 6 ಇಂಚಿನ ಈ ವ್ಯತ್ಯಾಸ ಎಲ್ಲಾದರೂ ಒಂದು ಕಡೆ ತೀರಲೇಬೇಕು. ಸಡಿಲ ಮಣ್ಣಿನಲ್ಲಿ ಟೈರ್ ಜಾರಿ ಅದು ತೀರುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಅವಕಾಶವಿಲ್ಲದೆ ಶಾಫ್ಟ್‌ಗಳೂ ಗೇರುಗಳೂ ಬಿಗಿಹಿಡಿದುಕೊಳ್ಳುತ್ತವೆ, ಮುಂದಿನ ಟೈರ್‌ಗಳು ನೆಲಕ್ಕೆ ಉಜ್ಜಿಸಿಕೊಳ್ಳುತ್ತಾ ಮುಂದೆ ಸಾಗುತ್ತವೆ. ಬೆಲ್ಟಿನ ವಾಸನೆಗೂ ಮೂಲ ಇದೇ ಟೈರ್. 25ರಿಂದ 27 ಇಂಚಿಗೆ ಹೋದರೆ ಗಾಡಿಯ ಗೇರಿಂಗ್ 8 ಶೇಕಡಾ ಮೇಲಕ್ಕೆ ಹೋದಂತಾಗುತ್ತದೆ. ಅದೇ ಎಂಜಿನ್ ಅದೇ ಏರನ್ನು ಹೆಚ್ಚು ಭಾರದ ಚಕ್ರದೊಂದಿಗೆ ಹತ್ತಬೇಕಾಗುತ್ತದೆ, ನಿಧಾನವಾಗಿ ಹತ್ತುವಾಗ ಬೆಲ್ಟ್ ಜಾರಿ ಕಾಯುತ್ತದೆ. ಇಷ್ಟಾಗಿಯೂ ನೆಲದಿಂದ ನನಗೆ ದಕ್ಕಿದ ಎತ್ತರ ಒಂದೇ ಇಂಚು, ಏಕೆಂದರೆ ಟೈರ್ ಎಷ್ಟು ಎತ್ತರವಾಗುತ್ತದೋ ಆಕ್ಸಲ್ ಅದರ ಅರ್ಧದಷ್ಟು ಮಾತ್ರ ಮೇಲೇರುತ್ತದೆ.

ಅಳತೆ ಮುಗಿದ ಮೇಲೆ ಅವರು, “ನೀನು ಬಿಚ್ಚಿದ ಆ ಹಳೇ ಟೈರ್ ಎಲ್ಲಿವೆ? ತಗೊಂಡು ಬಾ,” ಎಂದರು. ನಾನು ಅವನ್ನು ಗುಜರಿ ರಾಶಿಗೆ ಹಾಕಿಬಿಟ್ಟಿದ್ದೆ. ಹುಡುಕಿ ತಂದ ಮೇಲೆ ಅವರು ತೋರಿಸಿದ್ದನ್ನು ಇಂದಿಗೂ ಪ್ರತಿ ಬದಲಾವಣೆಗೆ ಮೊದಲು ಮಾಡುತ್ತೇನೆ. ಟೈರಿನ ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಸಾಲದೇ ಓಡಿದೆಯೆಂದೂ ಅರ್ಥ. ಮುಂದಿನ ಟೈರಿನ ಬಟನ್‌ಗಳ ಒಂದು ಅಂಚು ಚೂಪಾಗಿ, ಇನ್ನೊಂದು ಅಂಚು ದುಂಡಾಗಿ ಸವೆದಿದ್ದರೆ ಮುಂದಿನ ಚಕ್ರಗಳ ಅಲೈನ್‌ಮೆಂಟ್ ತಪ್ಪಿದೆ ಎಂದು ತಿಳಿಯಬೇಕು. ಚಕ್ರವನ್ನು ತಿರುಗಿಸುವ, ಹಿಡಿದಿಡುವ ಭಾಗಗಳಾದ ಟೈ ರಾಡ್ ತುದಿ, ಬಾಲ್ ಜಾಯಿಂಟ್ ಮತ್ತು ಚಕ್ರದ ಬೇರಿಂಗ್‌ಗಳನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಬಟನ್‌ಗಳು ಬುಡದಿಂದ ಹರಿದಿದ್ದರೆ ದಾರಿಯ ಕಲ್ಲಿಗೆ ಆ ರಬ್ಬರ್ ತಾಳಲಿಲ್ಲ. ಪಕ್ಕೆಯಲ್ಲಿ ಸೀಳುಗಳಿದ್ದರೆ ಇನ್ನಷ್ಟು ಬಲವಾದ ಮೈಕಟ್ಟಿನ ಟೈರ್ ಬೇಕು. ಬಟನ್‌ಗಳು ಸಾಕಷ್ಟಿದ್ದೂ ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕುಗಳು ಕಂಡರೆ ಅದು ಬಿಸಿಲಿನ ಮತ್ತು ವಯಸ್ಸಿನ ಲಕ್ಷಣ. ಅಂಥ ಟೈರನ್ನು ಬಟನ್ ಉಳಿದಿದೆಯೆಂಬ ಕಾರಣಕ್ಕೆ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ನಾನು ಬಿಸಾಡಿದ್ದ ಆ ಟೈರ್‌ಗಳ ನಡುಭಾಗ ನುಣ್ಣಗಾಗಿತ್ತು, ಪಕ್ಕೆಯಲ್ಲಿ ಮೂರು ಪಂಕ್ಚರ್ ಗುರುತುಗಳಿದ್ದವು. ಕೆಸರಿನಲ್ಲಿ ಹೂತು ಒದ್ದಾಡಿದ ಲಕ್ಷಣ ಒಂದೂ ಇರಲಿಲ್ಲ. ಗಟ್ಟಿ ನೆಲದಲ್ಲೂ ಚೂಪುಗಲ್ಲಿನಲ್ಲೂ ಓಡುತ್ತಿದ್ದ ಗಾಡಿಗೆ ನಾನು ಕೆಸರಿನ ಟೈರ್ ಹಾಕಿದ್ದೆ.

ನಡುಭಾಗ ಸವೆಯಲು ಕಾರಣ ನಮ್ಮ ಗಾಳಿಯ ಮೀಟರ್. ಎಟಿವಿ ಟೈರುಗಳಲ್ಲಿ ಗಾಳಿಯ ಒತ್ತಡ ತೀರಾ ಕಡಿಮೆ. ಅನೇಕ ಗಾಡಿಗಳಿಗೆ ತಯಾರಕರು ಸೂಚಿಸುವುದು 5 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಆಸುಪಾಸಿನ ಒತ್ತಡ. ಕಾರಿನ ಟೈರಿನಲ್ಲಿ 1 ಪಿಎಸ್‌ಐ ಹೆಚ್ಚುಕಡಿಮೆಯಾದರೆ ಯಾರ ಗಮನಕ್ಕೂ ಬಾರದು, ಇಲ್ಲಿ ಅದು ಐದರಲ್ಲೊಂದು ಪಾಲು. ಕಾರಿಗೆ ಬಳಸುವ ಮೀಟರಿನ ಮುಳ್ಳು ಇಷ್ಟು ಕೆಳಗಿನ ಅಂಕಿಗಳಲ್ಲಿ ನಂಬಿಕೆಗೆ ಅರ್ಹವಲ್ಲ, ಆದರೆ ನಾವು ಬಳಸುತ್ತಿದ್ದದ್ದು ಅದನ್ನೇ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಮೀಟರ್ ತರಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಎಡಬಲ ಎರಡನ್ನೂ ಒಂದೇ ಅಂಕಿಗೆ ತರುವ ರೂಢಿ ಮಾಡಿಕೊಂಡ ಮೇಲೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ ಎಂಬ ಹಳೆಯ ದೂರೊಂದು ಬೇರೇನೂ ಮಾಡದೆ ನಿಂತುಹೋಯಿತು.

ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದಲು ಬಂದರೆ ಆಯ್ಕೆ ಅರ್ಧ ಮುಗಿದಂತೆ. 25x8-12 ಎಂದಿದ್ದರೆ ಎತ್ತರ 25 ಇಂಚು, ಅಗಲ 8 ಇಂಚು, ಕೂರುವ ರಿಮ್ 12 ಇಂಚು. ನಡುವಿನ ಗೆರೆಯ ಜಾಗದಲ್ಲಿ ಆರ್ ಅಕ್ಷರವಿದ್ದರೆ ಅದು ರೇಡಿಯಲ್ (ಒಳಗಿನ ನೂಲುಗಳು ನೇರ ಅಡ್ಡಕ್ಕೆ ಹೋಗುವಂಥದ್ದು), ಇಲ್ಲದಿದ್ದರೆ ಸಾಮಾನ್ಯವಾಗಿ ಬಯಾಸ್ (ನೂಲುಗಳು ಓರೆಯಾಗಿ ಒಂದರ ಮೇಲೊಂದು ಹಾಯುವಂಥದ್ದು). ರೇಡಿಯಲ್ ಟೈರಿನ ಪಕ್ಕೆ ಹೆಚ್ಚು ಬಾಗುವುದರಿಂದ ಕುಲುಕಾಟ ಕಡಿಮೆ. ಬಯಾಸ್ ಟೈರಿನ ಪಕ್ಕೆ ಬಿಗಿ. ಇವೆರಡನ್ನು ಒಂದೇ ಗಾಡಿಯಲ್ಲಿ ಬೆರೆಸಬಾರದು. ಪ್ಲೈ ರೇಟಿಂಗ್ ಎಂಬುದು ಮಾತ್ರ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದು ಬಲದ ಅಂದಾಜೇ ಹೊರತು ಒಳಗಿರುವ ಪದರಗಳ ಎಣಿಕೆಯಲ್ಲ. ಆ ಅಂಕಿ ಏರಿದಂತೆ ಮುಳ್ಳುಕಲ್ಲುಗಳಿಗೆ ತಡೆ ಹೆಚ್ಚುತ್ತದೆ, ಜೊತೆಗೆ ತೂಕವೂ ಬಿಗಿತವೂ ಹೆಚ್ಚುತ್ತವೆ. 1970ರಲ್ಲಿ ಹೋಂಡಾ ಮಾರುಕಟ್ಟೆಗೆ ತಂದ ಮೂರು ಚಕ್ರದ ವಾಹನಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ. ಕಡಿಮೆ ಗಾಳಿಯ ದಪ್ಪ ಬಲೂನ್ ಟೈರ್‌ಗಳೇ ಆ ಕೆಲಸ ಮಾಡುತ್ತಿದ್ದವು. ಇಂದಿನ ಗಾಡಿಗಳಿಗೆ ಸಸ್ಪೆನ್ಷನ್ ಇದ್ದರೂ ಸಣ್ಣ ಬೇರು, ಸಣ್ಣ ಕಲ್ಲುಗಳ ಏಟನ್ನು ಮೊದಲು ನುಂಗುವುದು ಟೈರೇ. ಹಗುರವಾದ ಗಾಡಿಗೆ 8 ಪ್ಲೈ ರೇಟಿಂಗಿನ ಟೈರ್ ಹಾಕಿದರೆ ಅದು ಬಾಗುವುದೇ ಇಲ್ಲ, ಏಟೆಲ್ಲ ಸವಾರರ ಮಣಿಕಟ್ಟಿಗೂ ಬೆನ್ನಿಗೂ ಬರುತ್ತದೆ. ನಮ್ಮ ಕಲ್ಲಿನ ದಾರಿಗಳಿಗೆ ನಾನು 6 ಪ್ಲೈ ರೇಟಿಂಗನ್ನು ಆರಿಸುತ್ತೇನೆ. ಕಲ್ಲಿಲ್ಲದ ಮಣ್ಣಿನ ದಾರಿಗೆ 4 ಸಾಕೆಂಬುದು ನನ್ನ ಅಭಿಪ್ರಾಯ.

ಬಟನ್‌ಗಳ ವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಳವಾಗಿ, ದೂರ ದೂರ ನಿಂತ ಬಟನ್‌ಗಳು ಕೆಸರನ್ನು ಉದುರಿಸಿಕೊಳ್ಳುತ್ತವೆ, ಆದರೆ ಗಟ್ಟಿ ನೆಲದಲ್ಲಿ ನಡುಗಿಸುತ್ತವೆ, ಬೇಗ ಸವೆಯುತ್ತವೆ. ಒತ್ತೊತ್ತಾಗಿ, ಮಧ್ಯಮ ಆಳದಲ್ಲಿರುವವು ಕಾಡುದಾರಿಗೆ ಹೊಂದುತ್ತವೆ. ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆಯೇ ಸಂಗತಿ: ಆ ಎರಡು ವಾರಗಳಲ್ಲಿ ಏರಿನ ತಿರುವುಗಳಲ್ಲಿ ಕೆಸರು ಟೈರ್‌ಗಳು ಮಣ್ಣನ್ನು ಅಗೆದುಹಾಕಿದ್ದವು, ನಂತರದ ಮಳೆಯಲ್ಲಿ ನೀರು ಅದೇ ಗೀರುಗಳಲ್ಲಿ ಹರಿದು ಅವನ್ನು ಕಾಲುವೆಯಂತೆ ಕೊರೆದಿತ್ತು. ಟೈರನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಆ ತಿರುವುಗಳನ್ನು ಸರಿಪಡಿಸಲು ನಮಗೆ ಹಲವು ದಿನ ಹಿಡಿಯಿತು.

ಕೊನೆಗೆ ಆ ಗಾಡಿಗೆ ಮೂಲ ಅಳತೆಯ, ಕಾಡುದಾರಿಗೆ ಹೊಂದುವ ವಿನ್ಯಾಸದ ನಾಲ್ಕೂ ಟೈರ್‌ಗಳನ್ನು ಒಟ್ಟಿಗೆ ಹಾಕಿದೆವು. ನಾಲ್ಕನ್ನೂ ಬದಲಿಸಲು ಆಗದಿದ್ದರೆ ಒಂದು ಆಕ್ಸಲಿನ ಎರಡನ್ನಾದರೂ ಜೊತೆಯಾಗಿ ಬದಲಿಸಿ, ನೆಲದಲ್ಲಿ ಉರುಳಿಸಿ ಅಳೆದು ನೋಡುತ್ತೇವೆ. ಪಕ್ಕೆಯ ಬಾಣದ ಗುರುತು ಮುಂದಕ್ಕೆ ಉರುಳುವ ದಿಕ್ಕಿಗಿದೆಯೇ ಎಂದು ಖಚಿತಪಡಿಸಿಕೊಂಡು, ಬೀಡಿಗೆ (ರಿಮ್ಮನ್ನು ಹಿಡಿದು ಕೂರುವ ಟೈರಿನ ಒಳ ಅಂಚಿಗೆ) ಸೋಪಿನ ನೀರು ಸವರಿ, ಅದನ್ನು ರಿಮ್ಮಿಗೆ ಕೂರಿಸುವಾಗ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಒತ್ತಡವನ್ನು ಎಂದಿಗೂ ಮೀರುವುದಿಲ್ಲ. ಆ ಮಿತಿ ದಾಟಿದ ಟೈರ್ ಸಿಡಿದರೆ ಪಕ್ಕದಲ್ಲಿದ್ದವರ ಕೈಕಾಲು ಉಳಿಯುವುದು ಕಷ್ಟ. ಬೀಡ್ ಕೂತ ಮೇಲೆ ಗಾಳಿಯನ್ನು ಓಡಿಸುವ ಒತ್ತಡಕ್ಕೆ ಇಳಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ಎಲ್ಲೂ ತಾಗುತ್ತಿಲ್ಲವೆಂದು ನೋಡುತ್ತೇವೆ. ಮೊದಲ ಸವಾರಿ ಮುಗಿಸಿ ಗಾಡಿ ಬಂದ ಕೂಡಲೇ ಚಕ್ರದ ನಟ್‌ಗಳನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸುತ್ತೇವೆ. ಬಿಚ್ಚಿದ ಟೈರ್‌ಗಳು ಈಗ ನೇರವಾಗಿ ಗುಜರಿಗೆ ಹೋಗುವುದಿಲ್ಲ. ಸವೆತದ ವಿವರ ಗಾಡಿಯ ದಾಖಲೆ ಪುಸ್ತಕಕ್ಕೆ ಬರೆದಾಗುವವರೆಗೆ ಅವು ವರ್ಕ್‌ಶಾಪಿನ ಗೋಡೆಗೆ ಒರಗಿಕೊಂಡಿರುತ್ತವೆ.