ಅಜ್ಜನ ಸೈಕಲ್ಲಿನಲ್ಲಿ ಎಲ್ಲಾ ಕಾಣ್ತದೆ

ಮೊನ್ನೆ ಭಾನುವಾರ ನನ್ನ ತಮ್ಮ ಊರಿನಿಂದ ಒಂದು ಫೋಟೊ ಕಳಿಸಿದ್ದ. ಅಡಿಕೆ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಅಪ್ಪನ ಸೈಕಲ್. ಕೆಳಗೆ, "ಅಣ್ಣಾ, ಮಳೆಗಾಲದ ಮೊದಲು ಇಲ್ಲಿ ಜಾಗ ಬೇಕು. ಗುಜರಿಗೆ ಕೊಡ್ತೇನೆ, ಆಗದಾ?" ಎಂದು ಬರೆದಿದ್ದ.

ನಾನು ಉತ್ತರ ಬರೆಯುವ ಮೊದಲೇ ಒಂಬತ್ತು ವರ್ಷದ ಮಗಳು ಫೋನು ಎಳೆದುಕೊಂಡಳು. ಫೋಟೊ ದೊಡ್ಡದು ಮಾಡಿ, ಹ್ಯಾಂಡಲಿನ ಹತ್ತಿರದ ಕಬ್ಬಿಣದ ಸರಳಿನ ಮೇಲೆ ಬೆರಳಿಟ್ಟು ಮೆಲ್ಲಗೆ ಚಕ್ರದವರೆಗೆ ಇಳಿಸಿದಳು.

"ಅಪ್ಪಾ, ಈ ಬ್ರೇಕು ಒತ್ತಿದ್ರೆ ಈ ಸರಳು ಮೇಲೆ ಬರ್ತದೆ. ಆಗ ರಬ್ಬರು ರಿಮ್ಮಿಗೆ ಒಳಗಿನಿಂದ ತಾಗ್ತದೆ, ಅಲ್ವಾ? ಅಜ್ಜನ ಸೈಕಲ್ಲಿನಲ್ಲಿ ಎಲ್ಲಾ ಕಾಣ್ತದೆ!"

ಯಾರೂ ಹೇಳಿಕೊಟ್ಟದ್ದಲ್ಲ. ಅವಳು ಹುಟ್ಟಿದ್ದೇ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ. ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ 12,500 ಸೈಕಲ್ ನಿಲ್ಲಿಸುವ ಜಾಗ ಇದೆ. ಸೈಕಲ್ಲುಗಳ ನಡುವೆಯೇ ಬೆಳೆದ ಮಗುವಿಗೆ ಬ್ರೇಕು ಹಿಡಿಯುವ ಬಗೆ ತಿಳಿದದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಕೊಟ್ಟಿಗೆಯ ಫೋಟೊದಿಂದ. ನನಗೆ ಆ ಮಾತು ತುಂಬಾ ತಾಗಿತು.

ನನ್ನ ಸೈಕಲ್ ಎರಡು ವರ್ಷ ಹಳತು. ಬ್ರೇಕಿನ ಎಣ್ಣೆಯ ಪೈಪು, ಗೇರಿನ ಕೇಬಲ್ ಎಲ್ಲಾ ಹ್ಯಾಂಡಲಿನ ಒಳಗೆ, ಫ್ರೇಮಿನ ಒಳಗೆ. ಹೊರಗೆ ಒಂದು ವಯರ್ ಕಾಣುವುದಿಲ್ಲ. ಆ ಚಂದಕ್ಕೇ ಮರುಳಾಗಿ ತಗೊಂಡದ್ದು. ಕಳೆದ ತಿಂಗಳು ಹ್ಯಾಂಡಲ್ ತಿರುಗಿಸುವಾಗ ಕಿರ್ ಕಿರ್ ಶುರುವಾಯಿತು. ಒಂದು ಬೇರಿಂಗ್ ಬದಲಿಸಬೇಕು, ಅಷ್ಟೇ. ಆದರೆ ಪೈಪು ಆ ಬೇರಿಂಗಿನ ನಡುವೆಯೇ ಹಾದುಹೋಗುತ್ತದೆ, ಅದಕ್ಕಾಗಿ ಪೈಪು ಬಿಚ್ಚಬೇಕು, ಮತ್ತೆ ಎಣ್ಣೆ ತುಂಬಿಸಿ ಗಾಳಿ ತೆಗೆಯಬೇಕು. ಐದು ದಿನ ಸೈಕಲ್ ಶಾಪಿನಲ್ಲೇ ಉಳಿಯಿತು.

ಇದೇ ಕೆಲಸವನ್ನು ಅಪ್ಪ ಅಂಗಳದಲ್ಲಿ ಮಾಡುತ್ತಿದ್ದರು. ಗೆರಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ. ಹ್ಯಾಂಡಲ್ ಕಳಚಿದ ಕೂಡಲೇ ಬೇರಿಂಗಿನ ಕಪ್ಪಗಾದ ಸಣ್ಣ ಗುಂಡುಗಳು ಅದರೊಳಗೆ ಟಪಟಪ ಬೀಳುತ್ತಿದ್ದವು. ಗುಂಡು ಲೆಕ್ಕ ಮಾಡುವುದು ನನ್ನ ಕೆಲಸ. ಒಂದು ಕಮ್ಮಿಯಾದರೆ ಇಡೀ ಅಂಗಳ ಹುಡುಕಬೇಕು. ತೊಳೆದು, ಗುಂಡು ಕೂರುವ ಬಟ್ಟಲಿಗೆ ಗ್ರೀಸ್ ಹಚ್ಚಿ, ಒಂದೊಂದೇ ಗುಂಡು ಕೂರಿಸುತ್ತಿದ್ದರು. ಪೆಡಲಿನ ತೋಳನ್ನು ಬಿಗಿ ಹಿಡಿಯುವ ಕಾಟರ್ ಪಿನ್ ಸಡಿಲವಾದರೂ ಅಷ್ಟೇ, ಅರದಲ್ಲಿ ಸ್ವಲ್ಪ ಉಜ್ಜಿ ಸುತ್ತಿಗೆಯಿಂದ ಎರಡು ಪೆಟ್ಟು.

ಹಳೆಯದೆಲ್ಲಾ ಒಳ್ಳೆಯದು ಅಂತ ಹೇಳಲಾರೆ. ಆ ಸರಳಿನ ಬ್ರೇಕು ಜೂನ್ ಮಳೆಗೆ ಏನೇನೂ ಸಾಲದು. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತಿತ್ತು. ಕ್ಯಾರಿಯರಿನಲ್ಲಿ ಅಡಿಕೆ ಗೋಣಿ ಇದ್ದರೆ ನಮ್ಮ ಗುಡ್ಡೆಯ ಇಳಿಜಾರಿನಲ್ಲಿ ಅಪ್ಪ ಇಳಿದು ನಡೆದೇ ಬರುತ್ತಿದ್ದರು. ಇಲ್ಲಿ ಧಾರಾಕಾರ ಮಳೆಯಲ್ಲೂ ಎರಡು ಬೆರಳಿನಲ್ಲಿ ಡಿಸ್ಕ್ ಬ್ರೇಕ್ ಹಿಡಿಯುತ್ತದೆ. ಅದನ್ನು ನಾನು ಬಿಡಲಾರೆ. ದೀಪಕ್ಕೆ ಕರೆಂಟು ಕೊಡುವ ಡೈನಮೋ ಕೂಡ ಹಾಗೆಯೇ, ಟಯರಿಗೆ ಉಜ್ಜುವುದಕ್ಕಿಂತ ಚಕ್ರದ ನಡುವಿನ ಹಬ್ ಒಳಗಿನದ್ದು ತುಳಿಯಲು ಎಷ್ಟೋ ಹಗುರ.

ಆದರೆ ಮುಚ್ಚುವುದಕ್ಕೂ ಒಂದು ಕಾರಣ ಬೇಡವೇ? ಅಪ್ಪನ ಸೈಕಲ್ಲಿನಲ್ಲಿ ಮುಚ್ಚಿದ್ದು ಚೈನು ಮಾತ್ರ, ಪಂಚೆಗೆ ಎಣ್ಣೆ ತಾಗಬಾರದು ಅಂತ. ನನ್ನದರಲ್ಲಿ ಪೈಪು ಫ್ರೇಮಿನೊಳಗೆ ಹೋದದ್ದು ಮುಖ್ಯವಾಗಿ ನೋಟಕ್ಕೆ, ಗಾಳಿ ಸ್ವಲ್ಪ ಕಮ್ಮಿ ತಡೆಯಲಿ ಅಂತ. ಆಫೀಸಿಗೆ ಹೋಗಿ ಬರುವ ನನಗೆ ಆ ಸ್ವಲ್ಪ ಗಾಳಿಯಿಂದ ಏನಾಗಬೇಕು?

ಪಕ್ಕದ ಮನೆಯ ಅಜ್ಜಿಯ ಹತ್ತಿರ ನೆಟ್ಟಗೆ ಕೂತು ಓಡಿಸುವ ಕಪ್ಪು ಸೈಕಲ್ ಒಂದಿದೆ, ಅವರ ಗಂಡನದ್ದು. ಇಂಥದ್ದನ್ನು ಡಚ್ಚರು 'ಓಪಾಫೀಟ್ಸ್' ಅನ್ನುತ್ತಾರೆ, ಅಂದರೆ ಅಜ್ಜನ ಸೈಕಲ್. ಹೊಸದಾಗಿಯೂ ಮಾಡಿ ಮಾರುತ್ತಾರೆ, ಕೋಟು ಹಾಕಿದವರೂ ಓಡಿಸುತ್ತಾರೆ. ನಮ್ಮಲ್ಲಿ ಸೈಕಲ್ಲಿನಲ್ಲಿ ಪೇಟೆಗೆ ಹೋದವನನ್ನು "ಸ್ಕೂಟರ್ ಹಾಳಾಯ್ತಾ?" ಅಂತ ಕೇಳುತ್ತಾರೆ. ಹಾಗೆ ಕೇಳಿ ಕೇಳಿಯೇ ಎಷ್ಟು ಸೈಕಲ್ ಗುಜರಿಗೆ ಹೋದವೋ.

ತಮ್ಮನಿಗೆ ಫೋನ್ ಮಾಡಿ ಕೊಡಬೇಡ ಮಾರಾಯ ಅಂದೆ. "ಟಯರ್ ಪೂರಾ ಹೋಗಿದೆ ಅಣ್ಣಾ" ಅಂದ. ನಾವು ಮಾತಾಡುತ್ತಿದ್ದ ಹಾಗೆ ಮಗಳು ಹೊರಗೆ ಓಡಿದಳು. ಪಕ್ಕದ ಮನೆಯ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟಯರಿನ ಬದಿಯ ಅಳತೆಯ ನಂಬರು ಓದಿ ಬಂದಳು. "28, ಒಂದೂವರೆ. ಚಿಕ್ಕಪ್ಪನ ಹತ್ತಿರ ಕೇಳಿ, ಅಜ್ಜನದ್ದು ಎಷ್ಟು?"

ಹತ್ತು ನಿಮಿಷ ಬಿಟ್ಟು ತಮ್ಮನ ಇನ್ನೊಂದು ಫೋಟೊ ಬಂತು. ತೆಂಗಿನ ನಾರಿನಲ್ಲಿ ಕೆಂಪು ಮಣ್ಣು ಉಜ್ಜಿ ತೆಗೆದಿದ್ದ. ಬಿರುಕು ಬಿಟ್ಟ ರಬ್ಬರಿನ ಮೇಲೆ ಅದೇ ನಂಬರು, 28 × 1½.