ದಾಂಡೇಲಿ ರಾಫ್ಟಿಂಗ್: ದುಡ್ಡು ಕೊಡುವ ಮುಂಚೆ ಎಷ್ಟು ಕಿಲೋಮೀಟರ್ ಅಂತ ಕೇಳಿ

ದಸರಾ ರಜೆಗೆ ಆಫೀಸಿನ ಗೆಳೆಯರೆಲ್ಲ ಸೇರಿ ದಾಂಡೇಲಿಗೆ ಹೋಗಿದ್ದೆವು. ನಾವು ಉಳಿದುಕೊಂಡ ಹೋಮ್‌ಸ್ಟೇಯ ಪ್ಯಾಕೇಜಿನಲ್ಲೇ ರಾಫ್ಟಿಂಗ್ ಸೇರಿತ್ತು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಇಳಿದ ಮೇಲೆ ಗೊತ್ತಾಯಿತು, ಅದು ಶಾರ್ಟ್ ರಾಫ್ಟಿಂಗ್ ಅಂತ. ಒಂದು ಸಣ್ಣ ಇಳಿಜಾರು, ಸ್ವಲ್ಪ ಹೊತ್ತು ತೇಲುವುದು, ಅಷ್ಟರಲ್ಲೇ ದಡ. ಅದಕ್ಕಿಂತ ಜಾಸ್ತಿ ಹೊತ್ತು ಲೈಫ್ ಜಾಕೆಟ್‌ಗೆ ಕಾದಿದ್ದೆವು.

ಹಿಂದಿನ ತಂಡ ಬಿಚ್ಚಿಕೊಟ್ಟ ಜಾಕೆಟ್ಟಿನಿಂದ ಇನ್ನೂ ನೀರು ಸೋರುತ್ತಿತ್ತು. ಸೊಂಟದ ಬಕಲ್ ಹಿಡಿಯುತ್ತಲೇ ಇರಲಿಲ್ಲ. ಹೇಳಿದರೆ 'ಏನಾಗಲ್ಲ ಸರ್' ಅಂದರು. ಬದಲಿಸಿ ಕೊಡುವವರೆಗೂ ನಾನು ರಾಫ್ಟ್ ಹತ್ತಲಿಲ್ಲ, ನೀವೂ ಹತ್ತಬೇಡಿ. ಜಾಕೆಟ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಕಿವಿಯವರೆಗೆ ಬಂದರೆ ಅದು ಸಡಿಲ.

ಲಾಂಗ್ ರಾಫ್ಟಿಂಗ್ ಬೇರೆಯೇ. ಸುಮಾರು 9 ಕಿ.ಮೀ., ನೀರು ಕಲ್ಲುಗಳ ನಡುವೆ ರಭಸದಿಂದ ನುಗ್ಗುವ, ಎರಡು-ಮೂರನೇ ದರ್ಜೆಯ (ಅಂದರೆ ಸಾಧಾರಣ ಕಷ್ಟದ) ರ‍್ಯಾಪಿಡ್‌ಗಳು. ಮರುದಿನ ಬೇರೆಯವರ ಹತ್ತಿರ ದುಡ್ಡು ಕೊಟ್ಟು ಹೋದೆವು, ಅದಕ್ಕೆ ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ. ಬಿದ್ದರೆ ನಿಲ್ಲಲು ಹೋಗಬೇಡಿ, ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ನೀರು ಹರಿಯುವ ಕಡೆಗೆ ಕಾಲು ಚಾಚಿ, ಅಂಗಾತ ತೇಲಬೇಕು. ಗೈಡ್ ಇದನ್ನು ಮೊದಲೇ ಹೇಳಿಕೊಡದಿದ್ದರೆ ನೀವೇ ಕೇಳಿ.

ಇನ್ನೊಂದು ವಿಷಯ. ಇಲ್ಲಿ ನೀರು ಬರುವುದು ಮೇಲಿನ ಸೂಪಾ ಅಣೆಕಟ್ಟಿನಿಂದ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟರೆ ರಾಫ್ಟಿಂಗ್, ಇಲ್ಲದಿದ್ದರೆ ಇಲ್ಲ. ಹಾಗಾಗಿಯೇ ಬೇಸಿಗೆಯಲ್ಲೂ ನಡೆಯುತ್ತದೆ, ಜೋರು ಮಳೆಗಾಲದಲ್ಲಿ ನಿಲ್ಲುತ್ತದೆ. ಮಳೆಯಲ್ಲೇ ಮಾಡಬೇಕು ಅನ್ನುವವರು ಕೊಡಗಿನ ಬರಪೊಳೆ ನದಿಗೆ ಹೋಗಿ. ಇಲ್ಲಿಗೆ ಬರುವುದಾದರೆ ಹೊರಡುವ ಬೆಳಿಗ್ಗೆ ಫೋನ್ ಮಾಡಿ ನೀರು ಬಿಟ್ಟಿದ್ದಾರಾ ಅಂತ ಕೇಳಿ. ನೀರಿಲ್ಲದಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬುಕ್ ಮಾಡುವಾಗಲೇ ಮಾತಾಡಿಕೊಳ್ಳಿ.

ಹೋಮ್‌ಸ್ಟೇ ಊಟ ಸಪ್ಪೆ. ನಮ್ಮ ಹೊಟ್ಟೆ ತುಂಬಿದ್ದು ದಾಂಡೇಲಿ ಪೇಟೆಯ ಒಂದು ಪುಟ್ಟ ಖಾನಾವಳಿಯಲ್ಲಿ. ಬೋರ್ಡೂ ಸರಿಯಾಗಿಲ್ಲ, ನಾಲ್ಕೇ ಬೆಂಚು. ಅಜ್ಜಿಯೊಬ್ಬರು ಒಳಗೆ ರೊಟ್ಟಿ ಬಡಿಯುತ್ತಿದ್ದರು, ಬಿಸಿ ಬಿಸಿಯಾಗಿ ಒಂದೊಂದೇ ತಟ್ಟೆಗೆ ಬರುತ್ತಿತ್ತು. ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಈರುಳ್ಳಿ. ಬೇಡ ಬೇಡ ಅಂದರೂ ಇನ್ನೊಂದು ರೊಟ್ಟಿ ಹಾಕುತ್ತಾರೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ರೆಸಾರ್ಟುಗಳ ಬಫೆ ಬಿಟ್ಟು ಇಂಥ ಕಡೆ ಹೋಗಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಹೋದರೆ ಒಳ್ಳೆಯದು.

ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ರಜೆ ಸಿಗದಿದ್ದರೆ ದಾಂಡೇಲಿ ಬೇಡ ಅಂತಲೇ ಹೇಳುತ್ತೇನೆ. ನದಿ ದಡದಲ್ಲಿ ಸ್ಪೀಕರ್ ಗಲಾಟೆ, ಜಾಕೆಟ್‌ಗೆ ಸಾಲು. ನನಗಂತೂ ಅದು ಆಗುವುದಿಲ್ಲ. ವಾರದ ಮಧ್ಯೆ, ಬೆಳಗಿನ ಮೊದಲ ಬ್ಯಾಚಿಗೇ ಹೋಗಿ.