ಪಾಠದ ಹಾಳೆಗೆ ಒಂದೇ ವಯಸ್ಸಲ್ಲ

ಪತ್ರಾಗಾರದಲ್ಲಿ ನನ್ನ ಕೆಲಸ, ತೀರಿಕೊಂಡ ಪ್ರಾಧ್ಯಾಪಕರ ಕಾಗದಪತ್ರಗಳನ್ನು ಬಿಚ್ಚಿ ಪಟ್ಟಿ ಮಾಡುವುದು. ಕಾಗದ ಬರೆದವರು ಸಾಮಾನ್ಯವಾಗಿ ತಾರೀಖು ಹಾಕಿರುತ್ತಾರೆ, ಹಾಗಾಗಿ ಪತ್ರವ್ಯವಹಾರ ಸಲೀಸು. ತಲೆ ತಿನ್ನುವುದು ತರಗತಿಗೆಂದು ಬರೆದುಕೊಂಡ ಟಿಪ್ಪಣಿಗಳು. ಯುರೋಪಿನ ಮಧ್ಯಯುಗವನ್ನು ಕಲಿಸುತ್ತಿದ್ದ ಒಬ್ಬರ ಪಾಠದ ಕಟ್ಟುಗಳು ಕೈಗೆ ಬಂದ ಮೇಲೆ, ಇಂಥ ಹಾಳೆಗಳನ್ನು ಓದುವುದಕ್ಕಿಂತ ಮೊದಲು ನೋಡಬೇಕು ಎಂಬುದು ನನಗೆ ಮನದಟ್ಟಾಯಿತು.

ಪಾಠ ಮಾಡುವವರು ವರ್ಷ ವರ್ಷವೂ ಹೊಸದಾಗಿ ಬರೆಯುವುದಿಲ್ಲ, ಹಳೆಯದನ್ನೇ ತಿದ್ದುತ್ತಾರೆ. ಊಳಿಗಮಾನ್ಯ ಪದ್ಧತಿಯ ಪಾಠದ ಒಂದು ಹಾಳೆಯಲ್ಲಿ ಟೈಪ್ ಮಾಡಿದ ಮೂಲವಿತ್ತು, ಅದರ ಮೇಲೆ ನೀಲಿ ಶಾಯಿಯ ಕಾಟು, ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು: ‘ಹೊತ್ತಾದರೆ ಇದನ್ನು ಬಿಡು’. ಇದಕ್ಕೆ ಯಾವ ವರ್ಷ ಹಾಕುವುದು? ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ಪರೀಕ್ಷಾ ಮಂಡಳಿಯ ಸುತ್ತೋಲೆ. ಸುತ್ತೋಲೆಗಿಂತ ಮೊದಲು ಆ ಪಾಠ ಅಲ್ಲಿ ಟೈಪ್ ಆಗಿರಲು ಸಾಧ್ಯವಿಲ್ಲ. ಉಲ್ಲೇಖಿಸಿದ ಪುಸ್ತಕದ ಪ್ರಕಟಣೆಯ ವರ್ಷವೂ ಹೀಗೆಯೇ ಒಂದು ಗಡಿ ಹಾಕಿಕೊಡುತ್ತದೆ. ತುಕ್ಕು ಹಿಡಿದ ಕ್ಲಿಪ್ಪಂತೂ ಒಳ್ಳೆಯ ಸಾಕ್ಷಿ: ಅದರ ಕಲೆ ಉಳಿದ ಎಲ್ಲ ಹಾಳೆಗಳಿಗೂ ಇಳಿದು, ಮಧ್ಯದ ಎರಡು ಹಾಳೆ ಮಾತ್ರ ಶುಭ್ರವಾಗಿದ್ದರೆ, ಆ ಎರಡು ಆಮೇಲೆ ಸೇರಿದವು ಎಂದು ಅನುಮಾನಿಸಬಹುದು. ಆದ್ದರಿಂದ ಕ್ಲಿಪ್ ತೆಗೆಯುವ ಮೊದಲೇ ಫೋಟೊ.

ಶತಮಾನದ ಪ್ರಕಾರ ಜೋಡಿಸಿಬಿಡೋಣ, ಓದುವವರಿಗೆ ಅನುಕೂಲ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಒಂದು ಕಟ್ಟು 1348ರ ಪ್ಲೇಗ್ ಮಹಾಮಾರಿಯಿಂದ ಶುರುವಾಗಿ, ಆಮೇಲೆ ಹನ್ನೊಂದನೆಯ ಶತಮಾನಕ್ಕೆ ಹಿಂದೆ ಹೋಗುತ್ತಿತ್ತು. ಮೊದಲು ಕುಸಿತ ತೋರಿಸಿ, ಕುಸಿದದ್ದು ಏನು ಎಂದು ಮತ್ತೆ ಕಟ್ಟಿ ತೋರಿಸುವ ಪಾಠಕ್ರಮ ಅದು ಇರಬಹುದು. ಕಾಲಾನುಕ್ರಮಕ್ಕೆ ಹಾಕಿದರೆ ಆ ಯೋಚನೆಯೇ ಅಳಿಸಿಹೋಗುತ್ತದೆ. ಮೂಲ ಕ್ರಮ ಕಾಯಬೇಕು ಎಂಬ ನಿಯಮವನ್ನು 1898ರಲ್ಲಿ ಮುಲ್ಲರ್, ಫೀತ್, ಫ್ರೂಯಿನ್ ಎಂಬ ಮೂವರು ಡಚ್ ಪತ್ರಾಗಾರಿಕರು ತಮ್ಮ ಕೈಪಿಡಿಯಲ್ಲಿ ಖಚಿತವಾಗಿ ಬರೆದರು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಆಡಳಿತದ ದಾಖಲೆಗಳು. ಒಬ್ಬ ಮನುಷ್ಯನ ಮೇಜಿನ ವಿಷಯದಲ್ಲಿ, ಕ್ರಮ ಅವರದೋ ಅಥವಾ ಮನೆ ಖಾಲಿ ಮಾಡುವಾಗ ಪೆಟ್ಟಿಗೆ ತುಂಬಿದವರದೋ ಎಂದು ವಿಚಾರಿಸಿಕೊಳ್ಳಲೇಬೇಕು. ಕುಟುಂಬದವರಿಗೆ ಈ ಪ್ರಶ್ನೆ ವಿಚಿತ್ರ ಎನಿಸುತ್ತದೆ, ಆದರೂ ಕೇಳುತ್ತೇನೆ.

ವರ್ಷದ ಬಗ್ಗೆ ಇಷ್ಟು ಹಟ ಏಕೆ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಇಂಗ್ಲೆಂಡಿನ ಕಾನೂನಿನ ಇತಿಹಾಸಕಾರ ಎಫ್. ಡಬ್ಲ್ಯೂ. ಮೈಟ್‌ಲ್ಯಾಂಡ್. ಇಂಗ್ಲೆಂಡಿನ ಸಂವಿಧಾನದ ಇತಿಹಾಸ ಕುರಿತ ಅವರ ಪುಸ್ತಕ ಅಚ್ಚಾದದ್ದು 1908ರಲ್ಲಿ, ಅವರು ತೀರಿಕೊಂಡು ಎರಡು ವರ್ಷಕ್ಕೆ. ಒಳಗಿರುವುದು 1887–88ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದ ಪಾಠ. ನಡುವೆ, 1893ರಲ್ಲಿ, ಅವರು 1305ರ ಪಾರ್ಲಿಮೆಂಟಿನ ದಾಖಲೆಗಳನ್ನು ಸಂಪಾದಿಸಿ, ಅರಸನ ಮಂಡಳಿ ಮತ್ತು ಅದರ ಮುಂದೆ ಬರುತ್ತಿದ್ದ ಅರ್ಜಿಗಳನ್ನು ಮುನ್ನೆಲೆಗೆ ತಂದಿದ್ದರು. 1908 ಎಂಬ ಇಸವಿಯನ್ನು ಮಾತ್ರ ನೋಡಿದವರು 1887–88ರ ಹಳೆಯ ಅಭಿಪ್ರಾಯವನ್ನೇ ಅವರ ಕೊನೆಯ ಮಾತು ಎಂದುಕೊಳ್ಳುವ ಅಪಾಯವಿದೆ. 1940ರಲ್ಲಿ ತೀರಿಕೊಂಡ ಇತಿಹಾಸಕಾರ್ತಿ ಐಲೀನ್ ಪವರ್ ಅವರ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಮಧ್ಯಯುಗದ ಮಹಿಳೆಯರ ಬಗ್ಗೆ ಅವರು ಕೊಟ್ಟ ಉಪನ್ಯಾಸಗಳು ಪತಿ ಪೋಸ್ಟನ್ ಸಂಪಾದಕತ್ವದಲ್ಲಿ ಪುಸ್ತಕವಾಗಿದ್ದು 1975ರಲ್ಲಿ.

ಹೀಗಾಗಿ ನನ್ನ ಪಟ್ಟಿಯಲ್ಲಿ ತಾರೀಖಿನ ಕಲಂ ಒಂದೇ ಇಲ್ಲ: ಮೂಲ ಬರೆದದ್ದು, ತಿದ್ದಿದ್ದು, ಪಾಠ ಮಾಡಿದ್ದು ಬೇರೆ ಬೇರೆ. ಊಹೆಯಾದರೆ ಚೌಕ ಕಂಸದಲ್ಲಿ, ಆಧಾರದ ಸಮೇತ. ಕೆಲಸ ನಿಧಾನವಾಗುತ್ತದೆ, ಮೇಲಿನವರು ಗೊಣಗುತ್ತಾರೆ.

ನಿವೃತ್ತಿ ಹತ್ತಿರವಿರುವ ಅಧ್ಯಾಪಕರು ಕಾಗದ ಕೊಡುತ್ತೇವೆ ಎಂದು ಫೋನ್ ಮಾಡಿದರೆ ನಾನು ಕೇಳಿಕೊಳ್ಳುವುದು ಇಷ್ಟೇ: ಅಚ್ಚುಕಟ್ಟು ಮಾಡಿ ಕೊಡಬೇಡಿ ಸರ್, ಹರಿದದ್ದನ್ನು ಎಸೆಯಬೇಡಿ. ಯಾವ ತರಗತಿಗೆ, ಯಾವ ವರ್ಷ ಎಂದು ನೆನಪಿದ್ದಷ್ಟನ್ನು ಬೇರೆ ಚೀಟಿಯಲ್ಲಿ ಬರೆದು ಕಟ್ಟಿನ ಮೇಲಿಡಿ. ಸ್ಟೇಪಲ್ ಪಿನ್ ನಾವೇ ಬಿಚ್ಚಿಕೊಳ್ಳುತ್ತೇವೆ.